ಉಡಿಗೆ ಹಾಕಿದ ಮಗಳು

ನನ್ನನ್ನು ಹಡೆದವಳು ದೇವದುರ್ಗದಲ್ಲಿದ್ದಾಳೆ. ಸಾಕಿದವಳು ಮಾನ್ವಿಯಲ್ಲಿದ್ದ ಅವಳ ಅಕ್ಕ. ಅಕ್ಕನಿಗೆ ಮಕ್ಕಳಿಲ್ಲವೆಂದು ಮೂರು ವರ್ಷದ ನನ್ನನ್ನು ಅವಳ ಉಡಿಗೆ ಹಾಕಿದ್ದರು. ಉಡಿಗೆ ಹಾಕಿದ ಮೇಲೆ ನಮ್ಮ ಕಡೆ ಕಾಗದ ಪತ್ರ ಯಾರು ಕೇಳುತ್ತಾರೆ? ಅವಳನ್ನೇ ನಾನು ಯವ್ವಾ ಎಂದು ಕರೆದು ಬೆಳೆದೆ.

ಮಸ್ಕತ್ತಿನ ಇಂಟರ್‌ನ್ಯಾಷನಲ್ ಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ತಮ್ಮ, ಅಂದರೆ ಹಡೆದವಳ ಮಗ, ಫೋನ್ ಮಾಡಿದ. "ಅಕ್ಕಾ, ನಿಮ್ಮವ್ವ ಹೋದ್ಳು. ನೀ ಬರೋತನಕ ಮಣ್ಣು ಮಾಡಂಗಿಲ್ಲ, ಲಗೂನ ಬಾ."

ಕೆಲಸಕ್ಕೆ ಸೇರಿದ ದಿನವೇ ನಮ್ಮೆಲ್ಲರ ಪಾಸ್‌ಪೋರ್ಟು ಸ್ಕೂಲಿನ ಕಪಾಟು ಸೇರಿದ್ದವು. ಅರ್ಜಿ ಬರೆದುಕೊಂಡು ಆಫೀಸಿಗೆ ಓಡಿದೆ. ಅಲ್ಲಿನ ಮೇಡಂ ನನ್ನ ಪಾಸ್‌ಪೋರ್ಟು ತೆಗೆದು, ತಾಯಿಯ ಹೆಸರು ಓದಿ, ಅರ್ಜಿಯಲ್ಲಿದ್ದ ಹೆಸರು ನೋಡಿದಳು.

"ಇವರು ನಿಮ್ಮ ತಾಯಿಯಲ್ಲ. ತಂದೆ, ತಾಯಿ, ಗಂಡ, ಮಕ್ಕಳು ತೀರಿಕೊಂಡರೆ ಮಾತ್ರ ರಜೆ. ಕರಾರಿಗೆ ನೀವೇ ಸಹಿ ಮಾಡಿದ್ದೀರಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಉಡಿಗೆ ಹಾಕುವುದೆಂದರೆ ಏನೆಂದು ಅದೇ ಇಂಗ್ಲಿಷಿನಲ್ಲಿ ಹೇಳಲು ಹೋಗಿ ತಡವರಿಸಿದೆ. ಅವಳು ಪಾಸ್‌ಪೋರ್ಟನ್ನು ಒಳಗಿಟ್ಟು ಕೀಲಿ ಹಾಕಿದಳು. ಏಳನೇ ಕ್ಲಾಸಿಗೆ ಟೀಚರ್ ಬಂದಿಲ್ಲ, ಹೋಗಿ ಎಂದಳು.

ರಾಯಚೂರಿನ ಆಫೀಸಾಗಿದ್ದರೆ ಮೇಜು ಗುದ್ದಿ ಜಗಳ ತೆಗೆಯುತ್ತಿದ್ದೆ. ಅಲ್ಲಿ "ಓಕೆ ಮ್ಯಾಮ್" ಎಂದೆ. ಆ ಓಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕ್ಲಾಸ್ ಮುಗಿಸಿ ತಮ್ಮನಿಗೆ ಫೋನ್ ಮಾಡಿದೆ. "ನನ್ನ ದಾರಿ ಕಾಯಬ್ಯಾಡ್ರಿ, ಮಣ್ಣು ಮಾಡ್ರಿ."

"ಯಾಕಕ್ಕಾ, ತಾಯಿ ಸತ್ರೂ ಬಿಡಂಗಿಲ್ಲೇನು ಅವರು?"

"ತಾಯಿ ಸತ್ರ ಬಿಡ್ತಾರಪಾ" ಎಂದೆ.