ದವಡೆಗೊಂದು ಮಡಿ

ಹಲ್ಲು ಕೀಳಿಸಿಕೊಂಡು ತಿಂಗಳುಗಳು ಕಳೆದರೂ ನಮ್ಮತ್ತೆಯ ಗಾಯ ಕೂಡಲಿಲ್ಲ. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಿದ್ದ ಕಾಲ, ನಾವು ಮುಳಬಾಗಿಲಿನಲ್ಲಿದ್ದೆವು. ಟಾರ್ಚ್ ಬಿಟ್ಟು ನೋಡಿದರೆ ವಸಡಿನ ನಡುವೆ ಅಕ್ಕಿಕಾಳಿನಷ್ಟು ಮೂಳೆ ಕಾಣುತ್ತಿತ್ತು, ಮಾಸಲು ಹಳದಿ ಬಣ್ಣ. ಮೂಳೆ ಸವೆತಕ್ಕೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಯಿಂದಲೇ ದವಡೆ ಹೀಗಾಗಿದೆ ಎಂದರು ಕೋಲಾರದ ದಂತವೈದ್ಯೆ. ವಾಸಿಯಾಗದಿದ್ದರೆ ಆ ಭಾಗವನ್ನು ಕೊಯ್ದು ತೆಗೆಯಬೇಕು. ಅದಕ್ಕೂ ಮುಂಚೆ, ಒಪ್ಪಿದರೆ, ಒಂದು ಔಷಧ ಪರೀಕ್ಷೆಗೆ ಸೇರಬಹುದು: ರಕ್ತ ಸರಾಗವಾಗಿ ಹರಿಯಲು ಒಂದು ಮಾತ್ರೆ, ಜೊತೆಗೆ ವಿಟಮಿನ್ ಇ. ಕೆಲವರಿಗೆ ನಿಜವಾದದ್ದು, ಕೆಲವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ವೈದ್ಯೆಗೂ ಗೊತ್ತಿರುವುದಿಲ್ಲ. ಅವರು ಕೊಟ್ಟ ಬಾಯಿ ಮುಕ್ಕಳಿಸುವ ಔಷಧ ಬಿಟ್ಟು ಗಾಯಕ್ಕೆ ಬೇರೇನೂ ಸೋಕಬಾರದು.

"ಕೊಯ್ಯೋದು ಬೇಡಮ್ಮ," ಎಂದರು ಅತ್ತೆ. "ನನ್ ಮಾತು ತೊದಲಿದ್ರೆ ಮನೇಲಿ ಬೈಯೋರು ಯಾರು? ಮಾತ್ರೆ ಕೊಡಿ."

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ಖಾಲಿ ಮಾತ್ರೇನೇ ಬಂದ್ರೆ, ಅತ್ತೆ?"

"ಬರ್ಲಿ ಕಣೇ. ಯಾರಾದ್ರೂ ಅದನ್ನೂ ನುಂಗ್ಬೇಕಲ್ಲ."

ಎದುರುಮನೆಯವರು ಲವಂಗದೆಣ್ಣೆ ಹಿಡಿದುಕೊಂಡು ಬಂದರು. "ಒಂದು ತೊಟ್ಟು ಹಚ್ಕೊಳ್ರೀ, ಡಾಕ್ಟ್ರಿಗೇನು ಗೊತ್ತಾಗುತ್ತೆ?"

"ಬೇಡಿ. ನನ್ ದವಡೆ ಮಡೀಲಿದೆ."

"ದವಡೆಗೂ ಮಡಿಯಾ? ನಾಲಿಗೆಗೆ ಯಾವಾಗ?"

"ಅದನ್ನ ಮೊದ್ಲು ನೀವು ಶುರು ಮಾಡಿ."

ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಅದುವರೆಗೆ ಮಡಿಯೆಂದರೆ ಒದ್ದೆ ಸೀರೆ, ದೂರ ನಿಲ್ಲು ಎಂಬ ಗದರಿಕೆ, ಅಷ್ಟೆ. ಆ ಸಲ ಅದನ್ನು ಬೇರೆಯಾಗಿ ಕಂಡೆ. ಗೌರಿ ಹಬ್ಬಕ್ಕೆ ಅತ್ತೆಯ ಕೆನ್ನೆ ಊದಿಕೊಂಡಿತ್ತು, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಒಂದೇ ಬದಿಯಲ್ಲಿ ಅಗಿದರು. ಆದರೂ ಎಣ್ಣೆ ಮುಟ್ಟಲಿಲ್ಲ.

ಮಾತ್ರೆಗಳೆಲ್ಲ ಮುಗಿದು ಕೊನೆಯ ಸಲ ಹೋದಾಗ ವೈದ್ಯೆ ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅತ್ತೆಯ ಕಾಲ್ಬೆರಳುಗಳನ್ನೇ ನೋಡುತ್ತಿದ್ದೆ, ಬಿಗಿದುಕೊಂಡಿದ್ದವು.

"ವಸಡು ಪೂರ್ತಿ ಮುಚ್ಚಿದೆ. ಇನ್ನು ಕೊಯ್ಯೋದು ಬೇಕಾಗಿಲ್ಲ," ಎಂದರು. ಯಾವ ಮಾತ್ರೆ ಸಿಕ್ಕಿತ್ತೆಂಬುದು ಎಲ್ಲರ ಸರದಿ ಮುಗಿದ ಮೇಲೆಯೇ ತಿಳಿಯುವುದಂತೆ.

ಹೊರಗಿನ ಬೆಂಚಿನಲ್ಲಿ ಗೌನಿಪಲ್ಲಿ ಕಡೆಯ ತೆಲುಗು ಹೆಂಗಸೊಬ್ಬರು ಇದೇ ತೊಂದರೆಗೆ ಬಂದು, ಪರೀಕ್ಷೆಗೆ ಸೇರಲು ಅಂಜಿ ಕೂತಿದ್ದರು. ಅತ್ತೆ ಪಕ್ಕದಲ್ಲಿ ಕೂತು, "ಚೂಡಮ್ಮಾ" ಎಂದು ಬಾಯಿ ಅಗಲಿಸಿ ತೋರಿಸಿದರು. ಮನೆಯಲ್ಲಿ ಆಕಳಿಸುವಾಗಲೂ ಸೆರಗು ಅಡ್ಡ ಹಿಡಿಯುವವರು, ಅಷ್ಟು ಜನರ ಮುಂದೆ. ತನಗೆ ಸಿಕ್ಕಿದ್ದು ಖಾಲಿಯದೂ ಇರಬಹುದೆಂದು ತೆಲುಗಿನಲ್ಲಿ ಮುಚ್ಚಿಡದೆ ಹೇಳಿದರು. ಆಕೆ ಎದ್ದು, ಹೆಸರು ಬರೆಸಲು ಒಳಗೆ ಹೋದರು.

"ಯಾರಮ್ಮ ಇವ್ರು?" ಎಂದು ನರ್ಸ್ ಕೇಳಿದಳು.

"ನಮ್ಮತ್ತೆ," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.