ಒಂಬತ್ತು ಪಾಯಿಂಟ್ ಎಂಟು

ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದವನಿಗೆ ಹುಡುಗರು ಇಟ್ಟ ಹೆಸರು ಲೋಲಕದ ಮಾಮ. ದಾರಕ್ಕೆ ಹಿತ್ತಾಳೆ ಗುಂಡು ಕಟ್ಟಿ, ಸರಿಯಾಗಿ ಒಂದು ಮೀಟರ್ ಅಳೆದು ತೂಗುಹಾಕುವುದು ಅವನ ಕೆಲಸ. ಗುಂಡು ಇಪ್ಪತ್ತು ಸಲ ತೂಗಾಡುವ ಹೊತ್ತನ್ನು ಅಳೆದರೆ ಭೂಮಿಯ ಎಳೆತ ಎಷ್ಟೆಂದು ಲೆಕ್ಕ ಸಿಗುತ್ತದೆ. ಪುಸ್ತಕದ ಉತ್ತರ ಒಂಬತ್ತು ಪಾಯಿಂಟ್ ಎಂಟು. ಹುಡುಗರು ಗುಂಡಿನ ಕಡೆ ತಿರುಗಿಯೂ ನೋಡದೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಸೆಕೆಂಡು ಬರೆಯುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ಅವನು ಪ್ರೊಫೆಸರನ್ನೇ ಕೇಳಿದ್ದ: "ಸಾರ್, ಈ ಎಳೆತ ಹುಟ್ಟೋದಾದ್ರೂ ಎಲ್ಲಿಂದ?"

"ಭಾರದ ವಸ್ತು ತನ್ನ ಸುತ್ತಲಿನ ಜಾಗಾನೇ ಬಗ್ಗಿಸುತ್ತೆ ಕಣಯ್ಯಾ. ಯಾಕೆ ಬಗ್ಗಿಸುತ್ತೆ ಅಂದ್ರೆ ದೊಡ್ಡ ದೊಡ್ಡವರೂ ತಲೆ ಕೆರ್ಕೋತಾರೆ. ನಿಂಗ್ಯಾಕೆ ಊರ ಉಸಾಬರಿ? ಟೇಬಲ್ ಒರೆಸು ಹೋಗು."

ದೊಡ್ಡವರಿಗೇ ಗೊತ್ತಿಲ್ಲವೆಂದ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ದಾರಿ ಎಂದು ಅವನು ನಂಬಿಬಿಟ್ಟ. ಪೆದ್ದ! ಅದೇ ಲ್ಯಾಬಿಗೆ ಓದಲು ಬಂದ ಮಗಳಿಗೂ ಅದನ್ನೇ ಕಲಿಸಿದ. ಪಾಸಾದರೆ ಅವಳು ಟೀಚರ್ ಆಗುವವಳು.

"ಗುಂಡು ಏನು ತೋರಿಸುತ್ತೋ ಅದನ್ನೇ ಬರಿ ಕಣಮ್ಮ. ಭೂಮಿ ಸುಳ್ಳು ಹೇಳಲ್ಲ."

ಭೂಮಿ ಹೇಳಲಿಲ್ಲ, ಸ್ಟಾಪ್‌ವಾಚು ಹೇಳಿತು. ಅದು ನಿಧಾನ ಓಡುತ್ತದೆ, ಅದರಿಂದ ಉತ್ತರ ಹೆಚ್ಚು ಬರುತ್ತದೆ ಎಂದು ಅವನು ಮೂರು ಸಲ ಚೀಟಿ ಕೊಟ್ಟಿದ್ದ. ಪ್ರೊಫೆಸರು ಮೂರನ್ನೂ ಡ್ರಾಯರಿಗೆ ತುರುಕಿದ್ದರು. ಸಾಹೇಬರಿಗೆ ಗೊತ್ತೇ ಇದೆಯಲ್ಲ ಎಂಬ ಧೈರ್ಯದಲ್ಲಿ ಪರೀಕ್ಷೆಯ ದಿನ ಅದೇ ವಾಚನ್ನು ಮಗಳ ಕೈಗೂ ಕೊಟ್ಟ. ಆ ವಾಚು ಹಿಡಿದ ಆರು ಮಂದಿಯಲ್ಲಿ ಐವರಿಗೆ ಒಂಬತ್ತು ಪಾಯಿಂಟ್ ಎಂಟು. ಮಗಳೊಬ್ಬಳಿಗೆ ಹತ್ತು ಪಾಯಿಂಟ್ ನಾಲ್ಕು.

"ಭೂಮಿಗೆ ನಿನ್ನ ಮಗಳ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ," ಎಂದು ಪ್ರೊಫೆಸರು ನಕ್ಕು ಸೊನ್ನೆ ಸುತ್ತಿದರು.

"ಸಾರ್, ಆ ವಾಚು..."

"ಅದೇ ವಾಚಲ್ಲಿ ಐದು ಜನಕ್ಕೆ ಸರಿ ಬಂತಲ್ಲಯ್ಯಾ?"

ಬಾಯಿ ತೆರೆದರೆ ಐದು ಹುಡುಗರ ಕಳ್ಳತನ, ಡ್ರಾಯರಿನ ಚೀಟಿ, ಎಲ್ಲ ಹೊರಬೀಳುತ್ತಿತ್ತು. ಜೊತೆಗೆ ಅವನ ಕೆಲಸವೂ ಹೋಗುತ್ತಿತ್ತು. ಅವನು ಬಟ್ಟೆ ತೆಗೆದುಕೊಂಡು ಟೇಬಲ್ ಒರೆಸಿದ. ಮಗಳು ಬಾಗಿಲಲ್ಲೇ ನಿಂತಿದ್ದಳು.

"ನಿಮಗೆ ಗೊತ್ತಿತ್ತಲ್ಲಪ್ಪಾ. ಒಂದೇ ಒಂದು ಮಾತು ಆಡಬಾರ್ದಿತ್ತಾ?"

ಆಮೇಲೆ ಅವಳು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಈಗ ಬಟ್ಟೆ ಅಂಗಡಿಯಲ್ಲಿ ಮೀಟರ್ ಕಡ್ಡಿ ಹಿಡಿದು ಅಳೆಯುತ್ತಾಳೆ. ಅಪ್ಪನ ಜೊತೆ ಮಾತು ಅಷ್ಟಕ್ಕಷ್ಟೆ.

ಮರುವರ್ಷ ಹೊಸದಾಗಿ ಬಂದ ಹುಡುಗಿಯೊಬ್ಬಳು ವಾಚು ಹಿಡಿದು, ಗುಂಡಿನ ಮೇಲೇ ಕಣ್ಣಿಟ್ಟು ಒಂದು, ಎರಡು ಎಂದು ಎಣಿಸತೊಡಗಿದಳು. ಲೋಲಕದ ಮಾಮ ಹತ್ತಿರ ಹೋಗಿ ಗುಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ.

"ಎಣಿಸಬೇಡ ಕಣಮ್ಮ," ಎಂದ. "ಒಂಬತ್ತು ಪಾಯಿಂಟ್ ಎಂಟು. ಬರ್ಕೋ."