ಅವ್ವನ ಕಾಣೆ

ನಮ್ಮ ಕಡೆ ‘ಗೊತ್ತಿಲ್ಲ’ ಅನ್ನುವುದಕ್ಕೆ ‘ಕಾಣೆ’ ಅನ್ನುತ್ತಾರೆ. ಬಸ್ಸು ಎಷ್ಟೊತ್ತಿಗೆ ಅಂದರೆ ಕಾಣೆ, ಮಳೆ ಬಂದೀತೇ ಅಂದರೆ ಕಾಣೆ. ಪಕ್ಕದ ಮನೆಯಲ್ಲಿ ಜಗಳ ಯಾತಕ್ಕೆ ಅಂದರೆ, ಗೋಡೆಗೆ ಕಿವಿಯಿಟ್ಟು ಪೂರ್ತಿ ಕೇಳಿಸಿಕೊಂಡವರೂ ಕಾಣೆ ಅಂದುಬಿಡುತ್ತಾರೆ. ನಾನು ಕಂಡಿಲ್ಲ, ಅದಕ್ಕೇ ಹೇಳಲಾರೆ ಅನ್ನುವುದು ಆ ಮಾತಿನ ನಿಜವಾದ ಅರ್ಥ. ಹಾಗೆ ಅರ್ಥವರಿತು ಅದನ್ನು ಬಳಸುವವರನ್ನು ನಾನು ಹೆಚ್ಚು ನೋಡಿಲ್ಲ. ನೋಡಿದವರಲ್ಲಿ ಮೊದಲನೆಯವಳು ನನ್ನ ಅವ್ವ.

ನಾನು ದಪ್ಪ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ವಿಷಯ ಬಂದಾಗ ಜನ ಮೊದಲು ಹೇಳುವುದೂ ಅದನ್ನೇ. ಆರು ವರ್ಷದವಳಿದ್ದಾಗ ನನಗೊಂದು ಜೋರು ಜ್ವರ ಬಂದು ಹದಿನೈದು ದಿನ ಮಲಗಿಸಿತ್ತು. ಎದ್ದ ಮೇಲೆ ಊದಿಕೊಳ್ಳತೊಡಗಿದವಳು ಮತ್ತೆ ಇಳಿಯಲೇ ಇಲ್ಲ. ಜ್ವರ ಬಂದದ್ದು ಎಲ್ಲರಿಗೂ ಮರೆತುಹೋಯಿತು, ನಾನು ತಿಂದ ಮುದ್ದೆ ಮಾತ್ರ ಯಾರಿಗೂ ಮರೆಯಲಿಲ್ಲ. ಮಾಂಬಳ್ಳಿಯ ನಮ್ಮ ಬೀದಿಯಲ್ಲಿ ನನ್ನ ತಟ್ಟೆಯ ಮೇಲೆ ಕಣ್ಣಿಡದ ಹೆಂಗಸೇ ಇರಲಿಲ್ಲ. ನನ್ನ ಸೋದರತ್ತೆಯಂತೂ, ನನ್ನ ಅಣ್ಣ ಮೂರು ಮುದ್ದೆ ನುಂಗಿ ಕಡ್ಡಿಯ ಹಾಗೆ ಎದ್ದು ಹೋದರೂ ಸುಮ್ಮನಿದ್ದು, ನಾನು ಒಂದೂವರೆಗೆ ಕೈಯಿಡುವ ಹೊತ್ತಿಗೆ ಸರಿಯಾಗಿ “ಸಾಕು ಏಳಮ್ಮಿ” ಅನ್ನುತ್ತಿದ್ದಳು. ಒಂದೂವರೆ ಮುದ್ದೆಗೆ ಕೈ ತೊಳೆಯುವುದು ನನಗೆ ಹಾಗೇ ರೂಢಿಯಾಯಿತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು ಅಪ್ಪನ ಕೆಲಸ, ಹುಳುವಿನ ಕೋಣೆ ಪೂರ್ತಿ ಅವ್ವನದು. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಒಂದು ಬೆಳೆಯಲ್ಲಿ ಕೆಲವು ಹುಳುಗಳು ಉಳಿದವಕ್ಕಿಂತ ದಪ್ಪವಾಗಿ, ಮೈ ಬಿಗಿದು, ಮಿರಮಿರ ಮಿಂಚುತ್ತ ಹುಳು ಸಾಕುವ ಬಿದಿರ ತಟ್ಟೆಯ ಅಂಚಿನಲ್ಲಿ ಓಡಾಡುತ್ತಿದ್ದವು. ನನಗೆ ಅವುಗಳ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ದಪ್ಪಗಿದ್ದೂ ಇಷ್ಟು ಚೆನ್ನಾಗಿರಬಹುದಲ್ಲ ಅಂತ. ಅವ್ವ ಹಟ್ಟಿಯ ಕಡೆ ಹೋಗಿದ್ದಾಗ ಎಲ್ಲ ತಟ್ಟೆಗಳಿಂದಲೂ ಅಂಥವನ್ನೇ ಆರಿಸಿ, ಚೆನ್ನಾಗಿದ್ದ ಒಂದು ತಟ್ಟೆಯ ನಡುವೆ ಬಿಟ್ಟು, ಎಳೆ ಸೊಪ್ಪು ಹುಡುಕಿ ಹುಡುಕಿ ಹಾಕಿದೆ. ಅವು ಸೊಪ್ಪಿಗೆ ಬಾಯಿ ಹಾಕಲಿಲ್ಲ. ಒಂದನ್ನು ಮುದ್ದು ಮಾಡಲು ಬೆರಳಲ್ಲಿ ಸವರಿದೆ. ಚರ್ಮ ಒಡೆದು ಹಾಲಿನಂಥ ನೀರು ಕೈಮೇಲೆ ಇಳಿಯಿತು.

ಅದಕ್ಕೆ ಹಾಲುತೊಂಡೆ ರೋಗ ಅನ್ನುತ್ತಾರೆ. ಆ ಹಾಲು ತಾಗಿದ ಸೊಪ್ಪನ್ನು ತಿಂದ ಹುಳುವಿಗೂ ರೋಗ ಹತ್ತುತ್ತದೆ. ಅದೇ ಕೈಯಲ್ಲಿ ನಾನು ಎಲ್ಲ ತಟ್ಟೆಗಳಿಗೂ ಸೊಪ್ಪು ಹಾಕಿ ಉಪಕಾರ ಮಾಡಿದ್ದೆ. ಆ ಸಲ ಅರ್ಧ ಹುಳು ಸುಣ್ಣದ ಗುಂಡಿಗೆ ಹೋದವು. ಹುಳು ಒಡೆದ ದಿನವೇ ಸೋದರತ್ತೆ ಬಾಗಿಲಲ್ಲಿ ನಿಂತು, “ತಿಂದು ತಿಂದು ಉಳಗಳೂ ಇವಳಂಗೇ ಆಗ್ಬುಟ್ಟವೆ” ಅಂದಳು.

ಅವ್ವ ಬಚ್ಚಲ ಕಲ್ಲಿನ ಹತ್ತಿರ ನನ್ನ ಕೈಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಬೈಯಲಿಲ್ಲ. “ತಿಂದು ಊದ್ಕಂಡವಲ್ಲ ಕಣತ್ತಿಗೆ ಇವು. ತಿನ್ನದ್ನೇ ಬುಟ್ಟವೆ. ಒಳಗ ಏನೋ ಸೇರ್ಕಂಡದೆ. ಅದು ನಮ್ ಕಣ್ಗ ಬೀಳೋ ಒತ್ಗ ಕೈ ಮೀರಿರ್ತದೆ” ಅಂದಳು.

ಅತ್ತೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ: “ನನ್ನೊಳಗೂ ಏನಾರ ಸೇರ್ಕಂಡದಾ ಅವ್ವ?”

ಬೇರೆ ತಾಯಂದಿರಾಗಿದ್ದರೆ ಬುಡ್ತು ಅನ್ನು ಅಂತ ಬಾಯಿ ಮುಚ್ಚಿಸುತ್ತಿದ್ದರು. ಅವ್ವ ತಿಕ್ಕುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು. “ಕಾಣೆ ಕಣ್ ಮಗ. ಜ್ವರ ಬಂದೋದ್ಮೇಲೆ ನೀನು ಊದ್ಕಂಡದ್ದ ಕಂಡಿವ್ನಿ. ಜ್ವರದಿಂದ್ಲೇ ಊದ್ಕಂಡ್ಯಾ ಅಂದ್ರ, ಅದ ಕಾಣೆ.”

ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗಬೇಕಿಲ್ಲ ಅನ್ನುವುದನ್ನು ಹನೂರಿನ ಶಾಲೆಯಲ್ಲಿ ಎಂಟನೇ ತರಗತಿಗೆ ಹೇಳಿಕೊಡಲು ನನಗೆ ಇವತ್ತಿಗೂ ವಾರ ಹಿಡಿಯುತ್ತದೆ. ಅಕ್ಷರ ಕಲಿಯದ ಅವ್ವ ಅದನ್ನು ಬಚ್ಚಲ ಕಲ್ಲಿನ ಹತ್ತಿರ ಕೂತು ಎರಡು ಮಾತಿನಲ್ಲಿ ಮುಗಿಸಿದ್ದಳು. ಹೆಮ್ಮೆಯಿಂದ ಹೇಳುತ್ತಿದ್ದೇನೆ, ನಾನು ವಿಜ್ಞಾನದ ಟೀಚರಾದದ್ದು ಆ ದಿನವೇ.

ಆದರೆ ಅವ್ವನ ತಿಳಿವು ನನಗೆ ಎಲ್ಲಿಂದ ಬರಬೇಕು. ಬೀದಿಯವರ ಮಾತೇ ನನ್ನೊಳಗೆ ಗಟ್ಟಿಯಾಗಿ ಕೂತಿತು. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೆಳಗ್ಗೆ ಬೇಗ ಎದ್ದು ಲೊಕ್ಕನಹಳ್ಳಿ ರಸ್ತೆಯಲ್ಲಿ ನಾಯಿಗಳಿಗೆಲ್ಲ ಪರಿಚಯವಾಗುವಷ್ಟು ನಡೆದೆ. ಇಳಿದ ನಾಲ್ಕು ಕೆಜಿ ನೆಂಟರನ್ನು ಕರೆದುಕೊಂಡು ವಾಪಸ್ಸು ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದೂ ಒಂದೊಂದು ಸಲಹೆ. ಎಲ್ಲದಕ್ಕೂ ನಗುತ್ತಿದ್ದೆ. ಒಳಗೆ ಮಾತ್ರ, ನನಗೆ ನಾಲಿಗೆಯ ಮೇಲೆ ಹಿಡಿತವಿಲ್ಲ, ನಾನು ಕೆಟ್ಟವಳು ಅಂತಲೇ ನಂಬಿದ್ದೆ. ಮೈಯ ಭಾರಕ್ಕಿಂತ ಹೊರಲಾರದ್ದು ಅದು.

ಈ ನಡುವೆ ಅವ್ವನ ಹೊಟ್ಟೆ ಉರಿ ಹೆಚ್ಚಾಯಿತು. ವರ್ಷಗಟ್ಟಲೆ ಇದ್ದದ್ದೇ. ಅವಳು ಉಪ್ಸಾರಿಗೆ ಅರೆಯುವ ಖಾರವೇ ಕಾರಣ ಅಂತ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು, ನಾನೂ ಸೇರಿ. ಹೋದ ವರ್ಷ ಊಟವೇ ಸೇರದಂತಾದಾಗ ಕೊಳ್ಳೇಗಾಲದ ಒಂದು ಆಸ್ಪತ್ರೆಗೆ ತೋರಿಸುವುದೆಂದಾಯಿತು. ಅವಳು ಮಾಂಬಳ್ಳಿಯಿಂದ ಬರುವುದು, ನಾನು ಹನೂರಿನಿಂದ. ನನ್ನ ಬಸ್ಸು ತಡವಾಯಿತು. ಅವಳು ಚೀಟಿ ಮಾಡಿಸಿಕೊಂಡು ಒಬ್ಬಳೇ ಒಳಗೆ ಹೋಗಿಬಿಟ್ಟಿದ್ದಳು.

ಡಾಕ್ಟರು ಕಲಬುರಗಿ ಕಡೆಯ ಹುಡುಗಿ, ನಮ್ಮ ಕಡೆಗೆ ಬಂದು ವಾರವೂ ಆಗಿರಲಿಲ್ಲ. “ಎಷ್ಟ್ ವರ್ಷ ಆತ್ರೀ ಹೊಟ್ಟಿ ಬ್ಯಾನಿ?” ಅಂತ ಕೇಳಿದ್ದಾಳೆ. ಅವ್ವ “ಕಾಣೆ ಕಣವ್ವ” ಅಂದಿದ್ದಾಳೆ. ಊಟಕ್ಕೆ ಮೊದಲೋ ಆಮೇಲೋ ಅಂದರೆ, ಅದೂ ಕಾಣೆ. ಪಾಪ, ಮುದುಕಿಗೆ ಕಣ್ಣು ಕಾಣುವುದಿಲ್ಲ ಅಂತ ಮರುಗಿ, ಮೊದಲು ಕಣ್ಣಿನ ವಿಭಾಗಕ್ಕೆ ಹೋಗಿ ಬನ್ನಿ ಅಂತ ಬರೆದುಕೊಟ್ಟಿದ್ದಾಳೆ.

ನಾನು ಹುಡುಕಿಕೊಂಡು ಹೋದಾಗ ಅವ್ವ ಮೂಗಿನ ಮೇಲೆ ಭಾರದ ಕಬ್ಬಿಣದ ಕನ್ನಡಕ ಹೊತ್ತು, ಗೋಡೆಯ ಅಕ್ಷರಗಳ ಎದುರು ಶಿಸ್ತಾಗಿ ಕೂತಿದ್ದಳು. ಕಣ್ಣು ಪರೀಕ್ಷೆ ಮಾಡುವವರು ಎಲ್ಲಕ್ಕಿಂತ ದೊಡ್ಡ ಅಕ್ಷರಕ್ಕೆ ಕೋಲು ಇಟ್ಟು, “ಇದು ಏನಮ್ಮ?” ಅಂದರು.

“ಕಾಣೆ ಸಾ.”

ಅವರು ಗಾಜು ಬದಲಾಯಿಸಿದರು. “ಈಗ?”

“ಈಗ್ಲೂ ಕಾಣೆ.”

ದೃಷ್ಟಿ ತೀರಾ ಕಡಿಮೆ ಅಂತ ಅವರು ಬರೆಯುವಷ್ಟರಲ್ಲಿ ನಾನು ಅಡ್ಡ ಬಂದು, ಅವಳಿಗೆ ಓದಲು ಬರುವುದಿಲ್ಲ ಸಾರ್, ಕಣ್ಣು ಸರಿಯಾಗಿದೆ ಅಂದೆ. ಅವ್ವ ಸಂಕೋಚದಿಂದ ಕನ್ನಡಕ ತೆಗೆದು, “ನಿಮ್ ಅಂಗಿ ಮೂರ್ನೇ ಗುಂಡಿ ದಾರ ಬುಟ್ಟದೆ ಸಾ, ಬಿದ್ದೋದದು” ಅಂದಳು. ಸಾವಿರ ಹುಳುವಿನ ನಡುವೆ ಸಪ್ಪಗಿರುವ ಒಂದನ್ನು ಬಾಗಿಲಿಂದಲೇ ಹಿಡಿಯುವ ಕಣ್ಣು ಅದು.

ವಿಷಯ ತಿಳಿದು ಡಾಕ್ಟರು ಕೆಂಪಗಾಗಿ ಕ್ಷಮೆ ಕೇಳಿದಳು. ಆಮೇಲೆ ನಿಧಾನವಾಗಿ ಎಲ್ಲ ಕೇಳಿ, ಮೈಸೂರಿಗೆ ಕಳಿಸಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಡುವ ಪರೀಕ್ಷೆ ಮಾಡಿಸಿದಳು. ಹೊಟ್ಟೆಯಲ್ಲಿ ಹುಣ್ಣಿತ್ತು, ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇತ್ತು. ಹದಿನಾಲ್ಕು ದಿನದ ಮಾತ್ರೆ ಬರೆದಳು. “ಮೊದ್ಲ ನಮ್ಮ ಡಾಕ್ಟರುಗಳೂ ಖಾರಕ್ಕ, ಚಿಂತಿಗೆ ಬೈತಿದ್ರು. ಇದು ಸಪ್ಪಳಿಲ್ಲದ ವರ್ಷಗಟ್ಲೆ ಒಳಗ ಕುಂತಿರ್ತದ್ರೀ” ಅಂದಳು.

“ನಮ್ ಆಲುತೊಂಡೆ ಇದ್ದಂಗೆ” ಅಂತ ಅವ್ವ ತಲೆದೂಗಿದಳು.

ನಲವತ್ತೆರಡು ವರ್ಷದ ಟೀಚರಾದ ನಾನು, ಬಚ್ಚಲ ಕಲ್ಲಿನ ಹತ್ತಿರ ಕೂತ ಹುಡುಗಿಯ ಹಾಗೆ ಕೇಳಿದೆ. ಆರನೇ ವರ್ಷದ ಜ್ವರ ಹೇಳಿದೆ, ಅದರ ಹಿಂದೆಯೇ ಬಂದ ಮೈ ಹೇಳಿದೆ. ನನ್ನೊಳಗೂ ಅಂಥದ್ದೊಂದು ಅಡಗಿ ಕೂತಿದೆಯೇ? ಹೌದು ಅಂದುಬಿಟ್ಟರೆ ಸಾಕಿತ್ತು. ಮಾತ್ರೆ ಕೊಡದಿದ್ದರೂ ಚಿಂತೆಯಿರಲಿಲ್ಲ. ನನ್ನ ತಪ್ಪಲ್ಲ ಅಂತ ಒಂದು ಚೀಟಿ ಬೇಕಿತ್ತು.

ಡಾಕ್ಟರು ನಗಲಿಲ್ಲ. ಬಾಯಿ ಕಟ್ಟಿ ಅಂತಲೂ ಅನ್ನಲಿಲ್ಲ. ಪೆನ್ನು ಕೆಳಗಿಟ್ಟಳು. “ಕೋಳಿಗೆ ಒಂದು ವೈರಸ್ ಹತ್ತಿದ್ರ ಕೊಬ್ಬು ಬೆಳೀತದ ಅಂತ ಕಂಡಾರ್ರೀ. ದಪ್ಪ ಇದ್ದ ಮನಷ್ಯಾರ ರಕ್ತದಾಗ ಅಂಥಾದರ ಗುರ್ತು ಸಿಕ್ಕದ. ತೆಳ್ಳಗಿದ್ದವರ ರಕ್ತದಾಗೂ ಸಿಕ್ಕದ. ನಿಮ್ಮದು ಅದರಿಂದನ ಆತೇನು ಅಂದ್ರ…” ಅಂತ ನಿಲ್ಲಿಸಿ, ಅವ್ವನ ಕಡೆ ನೋಡಿ, ಹೊಸದಾಗಿ ಕಲಿತ ಮಾತನ್ನು ಜೋಪಾನವಾಗಿ ಆಡಿದಳು. “ಕಾಣೆ ಕಣ್ರೀ.”

ಸಕ್ಕರೆ ಪರೀಕ್ಷೆ ಬಿಡಬೇಡಿ, ನಡೆಯುವುದನ್ನೂ ಬಿಡಬೇಡಿ, ಮೈಗೆ ಒಳ್ಳೆಯದು ಅಂತ ಹೇಳುತ್ತಿದ್ದೇನೆ ಹೊರತು ತಪ್ಪಿಗೆ ದಂಡ ಅಂತಲ್ಲ ಅಂದಳು. ನಾನು ಅಲ್ಲಿಯೇ ಅತ್ತುಬಿಟ್ಟೆ. ಕೇಳಿದ ಚೀಟಿ ಸಿಕ್ಕಿರಲಿಲ್ಲ. ಆದರೆ ಇಷ್ಟು ಓದಿದವಳಿಗೇ ಗೊತ್ತಿಲ್ಲದ್ದು ನಮ್ಮ ಬೀದಿಯವರಿಗೆ ಹೇಗೆ ಗೊತ್ತಾಗಿತ್ತು? ನನಗಾದರೂ ಹೇಗೆ ಗೊತ್ತಾಗಿತ್ತು? ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. “ಒಳ್ಳೆ ಡಾಕ್ಟ್ರು ಕಣ್ ಮಗ. ಕಾಣದ್ದ ಕಾಣೆ ಅಂದ್ಲು” ಅಂದಳು. ಅವ್ವನಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಮಾತ್ರೆ ಮುಗಿಸಿ ತಿಂಗಳಿಗೆ ಅವ್ವ ಖಾರದ ಉಪ್ಸಾರು ಉಣ್ಣುವಂತಾದಳು. ಹುಳು ಹಣ್ಣಾಗಿ ಗೂಡು ಕಟ್ಟಲು ಬಿಟ್ಟ ಒಂದು ಭಾನುವಾರ ನಾನೂ ಹೋಗಿದ್ದೆ. ಮಧ್ಯಾಹ್ನ ಸೋದರತ್ತೆ ಊಟಕ್ಕೆ ಬಂದಳು. ಈಗ ಅವಳಿಗೆ ಹಲ್ಲಿಲ್ಲ, ಅಳತೆ ಮಾತ್ರ ತಪ್ಪಿಲ್ಲ. ನಾನು ಎರಡನೇ ಮುದ್ದೆಯನ್ನು ಅರ್ಧ ಮುರಿಯುವ ಹೊತ್ತಿಗೆ, “ಇನ್ನೂ ದಪ್ಪ ಆಗಿದ್ದೀಯಲ್ಲಮ್ಮಿ. ಎಷ್ಟ್ ತಿಂದೀಯ?” ಅಂದಳು.

ನನ್ನ ಕೈ ರೂಢಿಯಂತೆ ನಿಂತಿತು. ಅವ್ವ ಸಾರು ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಯಾಕ್ ದಪ್ಪ ಆದ್ಲು ಅನ್ನದ ನಾನೂ ಕಾಣೆ, ಡಾಕ್ಟ್ರಮ್ಮನೂ ಕಾಣೆ. ನೀನು ಕಂಡಿದ್ರ ನಮ್ಗೂ ಏಳತ್ತಿಗೆ.”

ಅತ್ತೆ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

“ನಾ ಏನ್ ಕಂಡನವ್ವ” ಅಂದು, ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ನಾನು ಎರಡನೇ ಮುದ್ದೆಯನ್ನು ಪೂರ್ತಿ ಉಂಡೆ.